ಸ್ಪೀಡ್ 12ರ ಡ್ರೈವರ್ ಕೊಂಡರೂ ದೂರ ಹೆಚ್ಚಲಿಲ್ಲವೇಕೆ?

ಪ್ರಶ್ನೆ: ಒಂದು ವರ್ಷದಿಂದ ಡಿಸ್ಕ್ ಗಾಲ್ಫ್ (ತಟ್ಟೆಯಾಕಾರದ ಡಿಸ್ಕನ್ನು ಎಸೆಯುತ್ತಾ, ಆದಷ್ಟು ಕಡಿಮೆ ಎಸೆತಗಳಲ್ಲಿ ಬುಟ್ಟಿಗೆ ಸೇರಿಸುವ ಆಟ) ಆಡುತ್ತಿದ್ದೇನೆ. ನನ್ನದು ಬಲಗೈ ಬ್ಯಾಕ್‌ಹ್ಯಾಂಡ್ ಎಸೆತ. ಮಿಡ್‌ರೇಂಜ್ ಡಿಸ್ಕ್ ಸುಮಾರು 65 ಮೀಟರ್, ಫೇರ್‌ವೇ ಡ್ರೈವರ್ (ದೂರದ ಎಸೆತದ ಡಿಸ್ಕ್‌ಗಳಲ್ಲಿ ಸ್ಪೀಡ್ ಕಡಿಮೆಯಿರುವ ಬಗೆ) 75 ಮೀಟರ್ ಹೋಗುತ್ತದೆ. ಇನ್ನೂ ದೂರ ಎಸೆಯುವ ಆಸೆಯಿಂದ 175 ಗ್ರಾಂ ತೂಕದ, ಡಿಸ್ಟ್ರಾಯರ್ ಎಂಬ ಸ್ಪೀಡ್ 12ರ ಡ್ರೈವರ್ ಕೊಂಡೆ. ಅದೂ 75 ಮೀಟರ್ ದಾಟುತ್ತಿಲ್ಲ, ಮೇಲಾಗಿ ಪ್ರತಿ ಸಲವೂ ಎಡಕ್ಕೆ ಹೊರಳಿ ಬೀಳುತ್ತದೆ. ಇದಕ್ಕಿಂತ ಹೆಚ್ಚು ಸ್ಪೀಡ್‌ನ ಡ್ರೈವರ್ ಕೊಳ್ಳಬೇಕೇ?

ಉತ್ತರ: ಬೇಡವೇ ಬೇಡ. ಕೊಂಡರೆ ಎಡಕ್ಕೆ ಇನ್ನೂ ಬೇಗ ಬಿದ್ದೀತು, ಅಷ್ಟೇ.

ಡಿಸ್ಟ್ರಾಯರ್ ಮೇಲೆ ಅಚ್ಚಾಗಿರುವ 12, 5, -1, 3 ಎಂಬ ಅಂಕಿಗಳನ್ನು ನೋಡಿ. ಅವು ಕ್ರಮವಾಗಿ ಸ್ಪೀಡ್, ಗ್ಲೈಡ್ (ಗಾಳಿಯಲ್ಲಿ ತೇಲುತ್ತಾ ಉಳಿಯುವ ಗುಣ), ಟರ್ನ್ ಮತ್ತು ಫೇಡ್. ಇವುಗಳಲ್ಲಿ ಹೆಚ್ಚು ಜನ ತಪ್ಪಾಗಿ ಓದುವುದು ಮೊದಲನೆಯದನ್ನು. ಸ್ಪೀಡ್ ಎಂಬುದು ಡಿಸ್ಕ್ ನಿಮಗೆ ಕೊಡುವ ವೇಗವಲ್ಲ, ನಿಮ್ಮಿಂದ ಕೇಳುವ ವೇಗ. ಅದನ್ನು ಕೊಟ್ಟರೆ ಮಾತ್ರ ಉಳಿದ ಮೂರು ಅಂಕಿಗಳು ಹೇಳಿದಂತೆ ನಡೆದುಕೊಳ್ಳುತ್ತವೆ. ಟರ್ನ್ ಎಂದರೆ ಹಾರಾಟದ ಮೊದಲ ಭಾಗದಲ್ಲಿ, ವೇಗ ಇನ್ನೂ ಜೋರಾಗಿರುವಾಗ, ನಿಮ್ಮಂಥ ಬಲಗೈಯವರ ಬ್ಯಾಕ್‌ಹ್ಯಾಂಡ್‌ನಲ್ಲಿ ಡಿಸ್ಕ್ ಬಲಕ್ಕೆ ವಾಲುವ ಗುಣ. ಆ ಅಂಕಿ ಸೊನ್ನೆಯಿಂದ ಕೆಳಗಿಳಿದಷ್ಟೂ ಟರ್ನ್ ಹೆಚ್ಚು. ಫೇಡ್ ಎಂದರೆ ವೇಗ ಇಳಿದ ಮೇಲೆ ಎಡಕ್ಕೆ ಎಳೆಯುವ ಗುಣ. ನಿಮ್ಮ ಕೈಯ ವೇಗಕ್ಕೆ ಡಿಸ್ಟ್ರಾಯರ್‌ನ ಟರ್ನ್ ಎಚ್ಚರಗೊಳ್ಳುವುದೇ ಇಲ್ಲ. ಕೈಬಿಟ್ಟ ಕ್ಷಣದಿಂದಲೇ ಫೇಡ್ ಕೆಲಸ ಶುರುಮಾಡುತ್ತದೆ. ಬಲಕ್ಕೆ ಹೋಗಿ ಎಡಕ್ಕೆ ಮರಳುವ ಉದ್ದನೆಯ ವಕ್ರರೇಖೆಯಲ್ಲಿ ಸಿಗಬೇಕಾದ ಹೆಚ್ಚುವರಿ ದೂರ ಕೈತಪ್ಪುವುದು ಹೀಗೆ.

ಆದರೆ ಹೊಸ ಡಿಸ್ಕ್ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಎಸೆತವನ್ನು ಪಕ್ಕದಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಡಿಸ್ಕ್ ಕೈಬಿಡುವ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಮುಂದಿನ ಅಂಚು ಹಿಂದಿನದಕ್ಕಿಂತ ಮೇಲೆ ಎದ್ದಿದೆಯೇ? ಹಾಗಿದ್ದರೆ ಡಿಸ್ಕ್ ಏರುತ್ತಾ ಹೋಗಿ, ಗಾಳಿಯಲ್ಲಿ ತಡವರಿಸಿ, ಎಡಕ್ಕೆ ಕುಸಿಯುತ್ತದೆ. ಅಂಚು ಅಗಲವಾದಷ್ಟೂ ಈ ದೋಷಕ್ಕೆ ತೆರಬೇಕಾದ ದಂಡ ಹೆಚ್ಚು. ಪಟರ್‌ನಲ್ಲಿ (ಬುಟ್ಟಿಯ ಹತ್ತಿರದ ಎಸೆತಕ್ಕೆ ಬಳಸುವ ಡಿಸ್ಕ್) ಅಷ್ಟಾಗಿ ಕಾಣಿಸದ ತಪ್ಪು ಡ್ರೈವರ್‌ನಲ್ಲಿ ಎದ್ದು ಕಾಣುತ್ತದೆ. ಹಿಡಿಯುವಾಗ ಡಿಸ್ಕ್ ಮುಂಗೈಯ ನೇರಕ್ಕೆ ಬರುವಂತೆ ನೋಡಿಕೊಂಡು, ಹೂಜಿಯಿಂದ ನೀರು ಬಗ್ಗಿಸುವವರಂತೆ ಮಣಿಕಟ್ಟನ್ನು ಕೊಂಚ ಕೆಳಗೆ ಬಾಗಿಸಿ. ಇಷ್ಟರಿಂದಲೇ ಕೆಲವರಿಗೆ ಹತ್ತು ಮೀಟರ್ ಪುಕ್ಕಟೆಯಾಗಿ ಸಿಗುವುದನ್ನು ನೋಡಿದ್ದೇನೆ.

ಇನ್ನು ಆಯ್ಕೆಯ ವಿಷಯ. ನಿಮ್ಮ ಈಗಿನ ಎಸೆತಕ್ಕೆ ಸ್ಪೀಡ್ 9ರ ಸುತ್ತಮುತ್ತಲಿನ, ಟರ್ನ್ ಧಾರಾಳವಾಗಿರುವ, ಫೇಡ್ ಕಡಿಮೆ ಇರುವ ಡಿಸ್ಕ್ ಸೂಕ್ತ. ಇನೋವಾ ಕಂಪನಿಯ ಸೈಡ್‌ವೈಂಡರ್ (9, 5, -3, 1) ಒಳ್ಳೆಯ ಉದಾಹರಣೆ. ಡಿಸ್ಕ್ರಾಫ್ಟ್‌ನ ಹೀಟ್ (9, 6, -3, 1) ಕೂಡ ಅದೇ ಬಗೆಯದು, ಗ್ಲೈಡ್ ಒಂದು ಅಂಕ ಹೆಚ್ಚು. ಕಟಾನಾ ಎಂಬ ಡ್ರೈವರ್‌ನ ಟರ್ನ್ ಕೂಡ -3 ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಅದರ ಸ್ಪೀಡ್ 13, ಫೇಡ್ 3. ಆ ಟರ್ನ್ ಜೋರು ಕೈಯವರಿಗೆ ಮೀಸಲು. ನಿಮ್ಮ ಪಾಲಿಗೆ ಉಳಿಯುವುದು ಫೇಡ್ ಮಾತ್ರ.

ತೂಕವನ್ನೂ ಇಳಿಸಿ. ನಿಯಮದ ಪ್ರಕಾರ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರಬಾರದು. 21.1 ಸೆಂ.ಮೀ. ಡ್ರೈವರ್‌ಗೆ ಲೆಕ್ಕ ಹಾಕಿದರೆ 175 ಗ್ರಾಂ. ಅಂದರೆ ನೀವು ಕೊಂಡಿರುವುದು ಗರಿಷ್ಠ ಮಿತಿಯ ತೂಕ. ಅದು ಗರಿಷ್ಠ ಮಿತಿ, ಶಿಫಾರಸು ಎಂದು ತಿಳಿಯಬೇಡಿ. 155ರಿಂದ 165 ಗ್ರಾಂ ಒಳಗಿನದನ್ನು ಹಿಡಿದರೆ ಅದೇ ಕೈಬೀಸಿಗೆ ಹೆಚ್ಚು ವೇಗ ದಕ್ಕುತ್ತದೆ, ಟರ್ನ್ ಕೂಡ ಬೇಗ ಕಾಣಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಅಂಚನ್ನು ಬೆರಳುಗಳಿಂದ ಒಳಗೆ ಹಿಡಿದು ನೋಡಿ. ಡಿಸ್ಟ್ರಾಯರ್‌ನ ಅಂಚು ಎರಡು ಸೆಂಟಿಮೀಟರಿಗಿಂತ ಅಗಲ. ಬೆರಳತುದಿ ಒಳಗೋಡೆಗೆ ಬಿಗಿಯಾಗಿ ಒತ್ತದಿದ್ದರೆ, ಅಂಕಿ ಏನೇ ಇರಲಿ, ಅದನ್ನು ಅಲ್ಲೇ ಬಿಟ್ಟುಬನ್ನಿ.

ಡಿಸ್ಟ್ರಾಯರ್‌ಗೆ ಮರಳುವುದು ಯಾವಾಗ? ಫೇರ್‌ವೇ ಡ್ರೈವರ್ ಸಲೀಸಾಗಿ ನೂರು ಮೀಟರ್ ಆಸುಪಾಸು ತಲುಪತೊಡಗಿದಾಗ. ಇದು ನನ್ನ ಅಳತೆಗೋಲು. ಇದಕ್ಕಿಂತ ಉದಾರವಾದವರೂ ಇದ್ದಾರೆ.

ಪ್ರಶ್ನೆ: ಟರ್ನ್ ಹೆಚ್ಚಿರುವ ಡಿಸ್ಕ್ ಎದುರುಗಾಳಿಯಲ್ಲಿ ಬಲಕ್ಕೆ ಮಗುಚಿ ನೆಲದ ಮೇಲೆ ಉರುಳುತ್ತದೆ. ಹಾಗಾದರೆ ಅದನ್ನು ಕೊಂಡು ಏನು ಪ್ರಯೋಜನ?

ಉತ್ತರ: ಎದುರುಗಾಳಿಯಲ್ಲಿ ಡಿಸ್ಕ್‌ನ ಮೇಲೆ ಹಾಯುವ ಗಾಳಿಯ ವೇಗ ಹೆಚ್ಚುತ್ತದೆ, ಹಾಗಾಗಿ ಟರ್ನ್ ಹೆಚ್ಚುತ್ತದೆ. ಹಿಂಗಾಳಿಯಲ್ಲಿ ಇದಕ್ಕೆ ವಿರುದ್ಧ. ಎದುರುಗಾಳಿಗೆ ಫೇಡ್ ಹೆಚ್ಚಿರುವ ಡಿಸ್ಕ್ ಹಿಡಿದು ತಗ್ಗಿನಲ್ಲಿ ಎಸೆಯಿರಿ. ಮೇಲಿನ ಪ್ರಶ್ನೆ ಕೇಳಿದವರ ಡಿಸ್ಟ್ರಾಯರ್ ಕೂಡ ಅಂಥ ದಿನ ಕೆಲಸಕ್ಕೆ ಬಂದೀತು. ಹಿಂಗಾಳಿ ಇದ್ದರೆ ಟರ್ನ್ ಮತ್ತು ಗ್ಲೈಡ್ ಹೆಚ್ಚಿರುವುದನ್ನು ಎತ್ತರಕ್ಕೆ ಬಿಡಿ. ಡಿಸ್ಕ್ ಗಾಲ್ಫ್ ಆಟಗಾರ ಡೇವಿಡ್ ವಿಗಿನ್ಸ್ ಜೂನಿಯರ್ 2016ರಲ್ಲಿ ನೆವಾಡಾದ ಮರುಭೂಮಿಯಲ್ಲಿ 338 ಮೀಟರ್ ಎಸೆದಾಗ ಬೆನ್ನಿಗೆ ಜೋರು ಗಾಳಿಯಿತ್ತು.

ಪ್ರಶ್ನೆ: ಮೊದಲ ಡ್ರೈವರ್‌ಗೆ ಅಗ್ಗದ ಪ್ಲಾಸ್ಟಿಕ್ ಸಾಕೇ, ದುಬಾರಿಯದೇ ಬೇಕೇ?

ಉತ್ತರ: ಅಗ್ಗದ್ದೇ ಸಾಕು. ಮರಕ್ಕೆ, ಕಲ್ಲಿಗೆ ಬಡಿದು ಅದು ಬೇಗ ಸವೆಯುತ್ತದೆ ನಿಜ. ಆದರೆ ಸವೆದಂತೆಲ್ಲ ಟರ್ನ್ ಹೆಚ್ಚಿ ಫೇಡ್ ತಗ್ಗುವುದರಿಂದ, ನಿಧಾನ ಕೈಯವರಿಗೆ ಅದು ನಷ್ಟವೇನಲ್ಲ. ದುಬಾರಿ ಪ್ಲಾಸ್ಟಿಕ್ ಮೊದಲಿನ ಗುಣವನ್ನೇ ಬಹುಕಾಲ ಕಾಯ್ದುಕೊಳ್ಳುತ್ತದೆ. ಒಂದು ಎಚ್ಚರಿಕೆ: ಅದೇ ಹೆಸರಿನ ಡಿಸ್ಕ್ ಬೇರೆ ಪ್ಲಾಸ್ಟಿಕ್‌ನಲ್ಲಿ ಬೇರೆ ರೀತಿ ಹಾರುತ್ತದೆ. ಸಾಧ್ಯವಾದರೆ ಜೊತೆಗಾರರದನ್ನು ಕೇಳಿ ಪಡೆದು, ನಾಲ್ಕು ಸಲ ಎಸೆದು ನೋಡಿ ಕೊಳ್ಳಿ.