ಸುಸ್ಪೀರಿಯಾ ಸಿನಿಮಾದ ಸಂಗೀತ ಅಷ್ಟೊಂದು ಹೆದರಿಸೋದು ಯಾಕೆ?

ಡಾರಿಯೋ ಅರ್ಜೆಂಟೋ ನಿರ್ದೇಶಿಸಿದ 1977ರ ಇಟಾಲಿಯನ್ ಸಿನಿಮಾ ಇದು. ಸಂಗೀತ ಗಾಬ್ಲಿನ್ ಅನ್ನುವ ಪ್ರೋಗ್ರೆಸಿವ್ ರಾಕ್ ತಂಡದ್ದು. 1975ರ ಪ್ರೊಫೊಂಡೊ ರೊಸ್ಸೊ ಚಿತ್ರದಲ್ಲೂ ಇದೇ ಜೋಡಿ ಇತ್ತು.

ಸಾಮಾನ್ಯವಾಗಿ ಹಾರರ್ ಸಿನಿಮಾದಲ್ಲಿ ಸಂಗೀತ ಹಿಂದೆ ಮೆಲ್ಲಗೆ ಇರುತ್ತದೆ, ಬೆಚ್ಚಿಬೀಳಿಸುವಾಗ ಮಾತ್ರ ಜೋರಾಗುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಸಂಗೀತವೇ ಒಂದು ಪಾತ್ರದ ಥರ ಮೈಮೇಲೆ ಬರುತ್ತದೆ.

ಶುರುವಿನ ವಿಮಾನ ನಿಲ್ದಾಣದ ದೃಶ್ಯ ನೋಡಿ. ಡ್ಯಾನ್ಸ್ ಶಾಲೆ ಸೇರಲು ಬಂದ ನಾಯಕಿ ಸೂಸಿ ಹೊರಗೆ ನಡೆದು ಬರುತ್ತಿದ್ದಾಳೆ. ಎದುರಿನ ಗಾಜಿನ ಬಾಗಿಲು ತೆರೆದರೆ ಮಳೆಯ ಜೊತೆ ಟ್ಯೂನ್ ಕೇಳುತ್ತದೆ, ಮುಚ್ಚಿದರೆ ಗಪ್‌ಚುಪ್. ಅಂದರೆ ಅಪಾಯ ಹೊರಗೆ ಕಾಯುತ್ತಾ ಇದೆ. ಒಂದು ಮಾತೂ ಇಲ್ಲದೆ ಇದನ್ನು ಹೇಳಿದ್ದು ನನಗಂತೂ ತುಂಬಾ ಇಷ್ಟ.

ಆ ಟ್ಯೂನ್ ಜೋಗುಳದ ಹಾಗಿದೆ. ಸೆಲೆಸ್ಟಾ ಅನ್ನುವ ಪಿಯಾನೊ ಥರದ ವಾದ್ಯದ ಕಿಣಿಕಿಣಿ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಜೊತೆಗೆ ಗಂಟಲು ಒಣಗಿದವರ ಥರ ಪಿಸುಗುಡುವ 'ಲಾ ಲಾ ಲಾ'. ಗ್ರೀಕ್ ತಂತಿವಾದ್ಯ ಬೂಜೂಕಿ, ಮೂಗ್ ಕಂಪನಿಯ ಸಿಂಥಸೈಸರ್, ನಮ್ಮ ತಬಲಾ ಕೂಡ ಇದರಲ್ಲಿದೆ. ಮಗುವಿನ ಹಾಡಿನಂಥದ್ದಕ್ಕೆ ಇಂಥ ದನಿಗಳು ಅಂಟಿಕೊಂಡಾಗಲೇ ಮೈ ಜುಮ್ಮೆನ್ನುವುದು. ನಡುವೆ 'ವಿಚ್', ಅಂದರೆ ಮಾಟಗಾತಿ, ಅಂತ ಒಂದು ಕೂಗು ಬೇರೆ! ಡ್ಯಾನ್ಸ್ ಶಾಲೆ ನಡೆಸುತ್ತಿರುವುದು ಮಾಟಗಾತಿಯರು ಅನ್ನುವ ಗುಟ್ಟನ್ನು ಹಾಡು ಮೊದಲೇ ಬಿಟ್ಟುಕೊಡುತ್ತದೆ.

ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಫೋನ್ ಸ್ಪೀಕರ್‌ನಲ್ಲಿ ಆ ಪಿಸುಮಾತು ಸರಿಯಾಗಿ ಸಿಗಲ್ಲ.