ಅರ್ಧ ಗಂಟೆ ಒದ್ದಾಡಿ, ಆಮೇಲೆ ವಾಕ್‌ಥ್ರೂ ನೋಡುವ ನಿಯಮ ಸರಿಯೇ?

ಕಂಪ್ಯೂಟರ್ ಆಟದ ಒಗಟಿನ ಮುಂದೆ ಅರ್ಧ ಗಂಟೆ ಒದ್ದಾಡುವುದು, ಬಗೆಹರಿಯದಿದ್ದರೆ ವಾಕ್‌ಥ್ರೂ (ಆಟದ ಉತ್ತರಗಳನ್ನೆಲ್ಲ ಹಂತಹಂತವಾಗಿ ಬರೆದಿಟ್ಟ ಕೈಪಿಡಿ) ತೆರೆಯುವುದು, ತೆರೆದ ಮೇಲೆ ಮೋಸ ಮಾಡಿದೆನಲ್ಲ ಎಂದು ಕೊರಗುವುದು: ನಿಮ್ಮ ಪ್ರಶ್ನೆಯಲ್ಲಿರುವ ಈ ಮೂರೂ ನನಗೆ ಚೆನ್ನಾಗಿ ಗೊತ್ತು. ನೀವು ‘ಮಿಸ್ಟ್’ ಆಟ ಮುಗಿಸಿ, ಈಗ ಅದರ ಮುಂದಿನ ಭಾಗವಾದ 1997ರ ‘ರಿವೆನ್’ ಆಟದ ಗುಮ್ಮಟದ ಬೀಗದ ಮುಂದೆ ನಿಂತಿದ್ದೀರಿ. ನಾನು ಎಡವಿದ್ದು ‘ಮಿಸ್ಟ್’ನಲ್ಲಿಯೇ. ನೀವು ಅದನ್ನು ಮುಗಿಸಿರುವುದರಿಂದ ಅದರ ಗುಟ್ಟುಗಳನ್ನು ಇಲ್ಲಿ ಬಿಚ್ಚಿ ಬರೆಯಲು ಅಡ್ಡಿಯಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಜೋಡಿಸಿದ ಕಂಪ್ಯೂಟರೊಂದು ಮಲ್ಲೇಶ್ವರದ ನಮ್ಮ ಮನೆಯ ಹಜಾರದಲ್ಲಿತ್ತು. ಅದೇ ಹಜಾರದಲ್ಲಿ ಅಜ್ಜಿ ಮಲಗುತ್ತಿದ್ದರು. ಹೀಗಾಗಿ ರಾತ್ರಿ ಆಡುವುದಾದರೆ ಸ್ಪೀಕರ್ ಆಫ್ ಮಾಡಿಯೇ ಆಡಬೇಕು ಎಂಬುದು ಅಪ್ಪನ ಷರತ್ತು. ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಎಂಬ ಸಹೋದರರು ರೂಪಿಸಿ 1993ರಲ್ಲಿ ಬಿಡುಗಡೆಯಾದ ‘ಮಿಸ್ಟ್’ನಲ್ಲಿ ಶತ್ರುಗಳಿಲ್ಲ, ಅಂಕಗಳಿಲ್ಲ, ಗಡುವಿಲ್ಲ, ನಿರ್ಜನ ದ್ವೀಪದಲ್ಲಿ ಯಂತ್ರಗಳನ್ನು ತಿರುಗಿಸಿ ನೋಡುತ್ತಾ ಹೋಗುವುದಷ್ಟೇ ಕೆಲಸ. ಅಂಥ ಆಟಕ್ಕೆ ಶಬ್ದವೇಕೆ ಬೇಕು ಎಂದುಕೊಂಡು ನಾನು ಷರತ್ತನ್ನು ಸಂತೋಷದಿಂದಲೇ ಒಪ್ಪಿಕೊಂಡೆ.

ಆ ದ್ವೀಪದಿಂದ ಬೇರೆ ಬೇರೆ ಲೋಕಗಳಿಗೆ ಹೋಗಬೇಕಲ್ಲ, ಅವುಗಳಲ್ಲೊಂದಾದ ಯಂತ್ರಗಳ ಲೋಕದಲ್ಲಿರುವ ಆ ತಿರುಗುವ ಕೋಟೆ ನಿಮಗೆ ನೆನಪಿರಬಹುದು. ಒಳಗಿನಿಂದ ಕೋಟೆಯನ್ನು ತಿರುಗಿಸುವಾಗ ಹೊರಗಿನದು ಕಾಣುವುದಿಲ್ಲ. ಅದು ಯಾವ ದಿಕ್ಕಿಗೆ ಬಂದು ನಿಂತಿತು ಎಂಬುದನ್ನು ಒಂದೊಂದು ದಿಕ್ಕಿಗೂ ಇರುವ ಬೇರೆ ಬೇರೆ ಶಬ್ದ ಹೇಳುತ್ತದೆ. ನಾನು ಆ ಭಾಗವನ್ನು ರಾತ್ರಿ, ಸದ್ದಿಲ್ಲದೆ ಆಡಿದೆ. ತಿರುಗಿಸುವುದು, ಮೇಲಕ್ಕೆ ಬಂದು ಹೊರಗೆ ಇಣುಕುವುದು, ತಪ್ಪಿದ್ದರೆ ಮತ್ತೆ ಕೆಳಗಿಳಿಯುವುದು, ಹೀಗೆ ಕುರುಡು ಪ್ರಯತ್ನದಿಂದಲೇ ಅದನ್ನು ದಾಟಿಬಿಟ್ಟೆ. ದಾಟಿದೆ ಎಂಬ ಹೆಮ್ಮೆಯಲ್ಲಿ, ಏನನ್ನು ಕಲಿಯದೆ ದಾಟಿದೆ ಎಂಬುದು ಹೊಳೆಯಲೇ ಇಲ್ಲ.

ಕಲಿಯದೇ ಉಳಿದ ಆ ಪಾಠ ಎದುರಾದದ್ದು ಸೆಲೆನಿಟಿಕ್ ಲೋಕದ ನೆಲದಡಿಯ ಚಕ್ರವ್ಯೂಹದಲ್ಲಿ. ಚಿಕ್ಕ ವಾಹನದಲ್ಲಿ ಕುಳಿತು ಹೋಗಬೇಕು, ಪ್ರತಿ ಕವಲಿನಲ್ಲೂ ಯಾವ ಕಡೆ ತಿರುಗಬೇಕೆಂದು ನಿರ್ಧರಿಸಬೇಕು. ಆ ಲೋಕಕ್ಕೆ ಹೋಗುವ ನೌಕೆಯನ್ನು ನಡೆಸಲು ಪಿಯಾನೋ ಸ್ವರಗಳನ್ನು ಹೊಂದಿಸಬೇಕಾಗಿತ್ತು. ಅಲ್ಲಿನ ಬಾಗಿಲು ತೆರೆಯಲು ನೀರು, ಬೆಂಕಿ, ಗಡಿಯಾರ, ಹರಳು, ಗಾಳಿ ಎಂಬ ಐದು ಸದ್ದುಗಳ ಕ್ರಮ ಬೇಕಾಗಿತ್ತು. ಇವೆರಡನ್ನೂ ನಾನು ಹಗಲಿನಲ್ಲಿ ಸ್ಪೀಕರ್ ಹಾಕಿಕೊಂಡೇ ಬಿಡಿಸಿದ್ದೆ. ಇಡೀ ಲೋಕವೇ ಕಿವಿಗಾಗಿ ಕಟ್ಟಿದ್ದು ಎಂದು ಗೊತ್ತಿದ್ದೂ, ಚಕ್ರವ್ಯೂಹಕ್ಕೆ ಮಾತ್ರ ರಾತ್ರಿ ಸದ್ದಿಲ್ಲದೆ ಇಳಿದೆ. ಪ್ರತಿ ತಿರುವೂ ಒಂದೇ ಬಗೆಯ ಕಲ್ಲಿನ ಸುರಂಗದಂತೆ ಕಂಡಿತು. ನಕ್ಷೆ ಬರೆಯಲು ಹೋದೆ, ಹಾಳೆ ತುಂಬಿತೇ ಹೊರತು ದಾರಿ ಸಿಗಲಿಲ್ಲ. ಇದು ಆಟಗಾರನನ್ನು ಸತಾಯಿಸಲೆಂದೇ ಮಾಡಿದ್ದು ಎಂದು ಬೈದುಕೊಂಡು ಮಲಗಿದೆ.

ಮರುದಿನ ಸಂಪಿಗೆ ರಸ್ತೆಯ ಸೈಬರ್ ಕೆಫೆಗೆ ಹೋಗಿ ಪೂರ್ತಿ ವಾಕ್‌ಥ್ರೂವನ್ನು ಪ್ರಿಂಟ್ ಹಾಕಿಸಿಕೊಂಡು ಬಂದೆ. ಪುಟಕ್ಕೆ ಇಷ್ಟು ಎಂದು ದುಡ್ಡು ಕೊಟ್ಟಿದ್ದರಿಂದ ಹಾಳೆಗಳ ಮೇಲೆ ಒಂದು ಬಗೆಯ ಗೌರವವೂ ಇತ್ತು. ಉತ್ತರ, ಪಶ್ಚಿಮ, ಮತ್ತೆ ಉತ್ತರ, ಪೂರ್ವ ಎಂದು ಸಾಲಾಗಿ ಬರೆದಿದ್ದ ದಿಕ್ಕುಗಳನ್ನು ಬೆರಳಿಟ್ಟು ಓದುತ್ತಾ, ಅದರಂತೆ ವಾಹನವನ್ನು ತಿರುಗಿಸುತ್ತಾ ಕೆಲವೇ ನಿಮಿಷಗಳಲ್ಲಿ ಹೊರಬಂದೆ. ಆ ಹಾಳೆಯಲ್ಲಿ ದಾರಿ ಇತ್ತು, ಕಾರಣ ಇರಲಿಲ್ಲ. ಬಹಳ ದಿನಗಳ ನಂತರ, ಕಾಲೇಜಿನ ಗೆಳೆಯನೊಬ್ಬ ಮಾತಿನ ನಡುವೆ ಹೇಳಿದಾಗಲೇ ನನಗೆ ಕಾರಣ ತಿಳಿದದ್ದು: ಪ್ರತಿ ಕವಲಿನಲ್ಲೂ ಕೇಳಿಬರುವುದು ಕೋಟೆ ತಿರುಗಿಸುವಾಗ ಕೇಳುವ ಅದೇ ದಿಕ್ಕಿನ ಶಬ್ದ. ಈಶಾನ್ಯಕ್ಕೆ ಹೋಗಬೇಕಾದಲ್ಲಿ ಉತ್ತರದ ಶಬ್ದ ಮತ್ತು ಪೂರ್ವದ ಶಬ್ದ ಎರಡೂ ಸೇರಿ ಕೇಳುತ್ತವೆ. ಒಂದು ಲೋಕದಲ್ಲಿ ಕಲಿಸಿದ್ದನ್ನು ಇನ್ನೊಂದು ಲೋಕದಲ್ಲಿ ಪರೀಕ್ಷಿಸುವ ಆ ಜಾಣತನವನ್ನು ಕಂಡುಹಿಡಿಯುವ ಸುಖ ಒಬ್ಬ ಆಟಗಾರನಿಗೆ ಒಮ್ಮೆ ಮಾತ್ರ ದಕ್ಕುವಂಥದ್ದು. ನನ್ನ ಪಾಲಿನದನ್ನು ನಾನು ದುಡ್ಡು ಕೊಟ್ಟು ಕಳೆದುಕೊಂಡೆ.

ಇಲ್ಲಿ ನನ್ನ ತಪ್ಪು ಯಾವುದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಹೇಳಿದಾಗಲೆಲ್ಲ ಜನ ಬೇರೆಯದನ್ನೇ ತಪ್ಪೆಂದು ಹಿಡಿಯುತ್ತಾರೆ. ವಾಕ್‌ಥ್ರೂ ನೋಡಿದ್ದು ತಪ್ಪಲ್ಲ. ಬೇಗ ನೋಡಿದ್ದೂ ತಪ್ಪಲ್ಲ. ಸ್ಪೀಕರ್ ಆಫ್ ಆಗಿರುವಾಗ ತಿಂಗಳುಗಟ್ಟಲೆ ಕಾದಿದ್ದರೂ ನನಗೆ ಏನೂ ಹೊಳೆಯುತ್ತಿರಲಿಲ್ಲ. ಸ್ಪೀಕರ್ ಆಫ್ ಮಾಡಿದ್ದು ಕೂಡ ಮೂಲ ತಪ್ಪಲ್ಲ, ಅದು ಮನೆಯ ಅನಿವಾರ್ಯ. ತಪ್ಪು ಏನೆಂದರೆ, ನನಗೆ ಏನು ಗೊತ್ತಿಲ್ಲ ಎಂಬುದನ್ನು ಕೇಳಿಕೊಳ್ಳದೆ ಉತ್ತರವನ್ನು ಕೇಳಿದ್ದು. ‘ಈ ಚಕ್ರವ್ಯೂಹದಲ್ಲಿ ಸುಳಿವು ಇದೆಯೇ, ಇದ್ದರೆ ಅದು ಕಣ್ಣಿಗೋ ಕಿವಿಗೋ?’ ಎಂದು ಯಾರನ್ನಾದರೂ ಕೇಳಿದ್ದರೆ ‘ಕಿವಿಗೆ’ ಎಂಬ ಒಂದೇ ಮಾತು ಸಾಕಾಗುತ್ತಿತ್ತು, ಮಿಕ್ಕಿದ್ದನ್ನು ನಾನೇ ಬಿಡಿಸುತ್ತಿದ್ದೆ. ಅದಲ್ಲದೆ, ಒಂದು ಒಗಟಿಗಾಗಿ ಇಡೀ ಆಟದ ಉತ್ತರವನ್ನು ಮನೆಗೆ ತಂದದ್ದರಿಂದ, ಚಕ್ರವ್ಯೂಹದ ಸಾಲುಗಳ ಕೆಳಗೆ ಕಣ್ಣು ತಾನಾಗಿಯೇ ಜಾರಿತು. ಆಟ ಮುಗಿಸಲು ಬೇಕಾದ ಬಿಳಿ ಹಾಳೆ ಎಲ್ಲಿದೆ, ಪುಸ್ತಕಗಳಲ್ಲಿ ಸಿಕ್ಕಿಬಿದ್ದಿರುವ ಅಣ್ಣ ತಮ್ಮ ಇಬ್ಬರನ್ನೂ ಏಕೆ ನಂಬಬಾರದು ಎಂಬುದೆಲ್ಲ ಒಂದೇ ನೋಟಕ್ಕೆ ತಲೆಗೆ ಹೋಗಿ ಕುಳಿತವು. ಯಾರನ್ನು ನಂಬುವುದು ಎಂಬ ಅನುಮಾನವೇ ಆ ಕಥೆಯ ಜೀವಾಳ; ಅದನ್ನು ಕಳೆದುಕೊಂಡ ಮೇಲೆ ಉಳಿದದ್ದು ಗುಂಡಿ ಒತ್ತುವ ಕೆಲಸ ಮಾತ್ರ.

ಆದ್ದರಿಂದ ನಿಮ್ಮ ಅರ್ಧ ಗಂಟೆಯ ನಿಯಮವನ್ನು ನಾನು ಒಪ್ಪುವುದಿಲ್ಲ. ಗಡಿಯಾರಕ್ಕೆ ಒಗಟಿನ ಬಗ್ಗೆ ಏನೂ ಗೊತ್ತಿರುವುದಿಲ್ಲ. ‘ನಾನು ಸಿಕ್ಕಿಕೊಂಡಿದ್ದೇನೆ’ ಎಂಬುದು ಪ್ರಶ್ನೆಯಲ್ಲ. ‘ಈ ಬೀಗಕ್ಕೆ ಸಂಖ್ಯೆ ಬೇಕು, ಸಂಖ್ಯೆ ಎಲ್ಲಿ ಬರೆದಿರಬಹುದು?’ ಎಂಬುದು ಪ್ರಶ್ನೆ. ಹಾಗೆ ಒಂದು ವಾಕ್ಯ ಬರೆಯಲು ಬಂದರೆ ಐದೇ ನಿಮಿಷಕ್ಕೆ ಸುಳಿವು ಕೇಳಿ, ಸಂಕೋಚ ಬೇಡ. ಬರೆಯಲು ಬರದಿದ್ದರೆ ಒಂದು ವಾರವಾದರೂ ಕೇಳಬೇಡಿ. ಕಂಪ್ಯೂಟರ್ ಮುಚ್ಚಿ, ಕಬ್ಬನ್ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ ಬನ್ನಿ.

ಮೋಸದ ಮಾತಂತೂ ಬಿಟ್ಟೇಬಿಡಿ. ಸುಳಿವು ಕೇಳುವುದು ಈ ಆಟಗಳಷ್ಟೇ ಹಳೆಯದು. ಅಕ್ಷರಗಳಲ್ಲೇ ಆಡುವ ಆಟಗಳನ್ನು ಮಾಡುತ್ತಿದ್ದ ಇನ್ಫೋಕಾಮ್ ಕಂಪನಿ 1980ರ ದಶಕದಲ್ಲಿ ತಾನೇ ಸುಳಿವಿನ ಪುಸ್ತಕಗಳನ್ನು ಮಾರುತ್ತಿತ್ತು. ಪ್ರಶ್ನೆಗಳು ಕಾಣುವಂತೆಯೂ, ಉತ್ತರಗಳು ಕಾಣದ ಶಾಯಿಯಲ್ಲಿಯೂ ಅಚ್ಚಾಗಿರುತ್ತಿದ್ದವು. ವಿಶೇಷ ಪೆನ್ನನ್ನು ಉಜ್ಜಿದಷ್ಟೇ ಭಾಗ ಮೂಡುತ್ತಿತ್ತು. ಬರೀ ಪ್ರಶ್ನೆಗಳನ್ನು ಓದಿ ಕಥೆಯನ್ನು ಊಹಿಸಬಾರದೆಂದು ನಡುನಡುವೆ ಸುಳ್ಳು ಪ್ರಶ್ನೆಗಳನ್ನೂ ಸೇರಿಸಿರುತ್ತಿದ್ದರು. 1988ರಲ್ಲಿ ಬಂದ ಯೂನಿವರ್ಸಲ್ ಹಿಂಟ್ ಸಿಸ್ಟಮ್ ಇದನ್ನೇ ಕಂಪ್ಯೂಟರಿಗೆ ತಂದಿತು: ಒಮ್ಮೆಗೆ ಒಂದು ಸುಳಿವು, ಸಾಲದಿದ್ದರೆ ಇನ್ನೊಂದು. ನಮ್ಮ ಅಜ್ಜಿ ಒಗಟು ಹಾಕಿದಾಗಲೂ ಹೀಗೆಯೇ. ಸೋತೆ ಎಂದರೆ ಉತ್ತರ ಹೇಳದೆ ‘ಅಡುಗೆಮನೆಯಲ್ಲಿದೆ ನೋಡು’ ಎನ್ನುತ್ತಿದ್ದರು. ಜೆಕ್ ದೇಶದ ‘ಮಷಿನೇರಿಯಂ’ (2009) ಇನ್ನೂ ಚೆಂದ: ಉತ್ತರದ ಪುಸ್ತಕ ಆಟದೊಳಗೇ ಇದೆ, ಆದರೆ ಅದನ್ನು ತೆರೆಯಲು ಬೀಗದ ಕೈಯೊಂದನ್ನು ಹಾರಿಸಿಕೊಂಡು ಹೋಗುವ ಬೇಸರದ ಪುಟ್ಟ ಆಟವೊಂದನ್ನು ಗೆಲ್ಲಬೇಕು. ಆ ಬೇಸರವೇ ಕೈಯನ್ನು ತಡೆಯುತ್ತದೆ. ಯೂಟ್ಯೂಬ್ ವಿಡಿಯೊಗೆ ಆ ತಡೆ ಇಲ್ಲ. ಒಂದು ಕೀಲಿಗೆಂದು ಹೋದರೆ ಮೂರು ಕೋಣೆ ತೋರಿಸಿಬಿಡುತ್ತದೆ. ಚಾಟ್‌ಬಾಟ್‌ಗಳು ಆಟದಲ್ಲಿಲ್ಲದ ಕೀಲಿಯನ್ನೂ ಧೈರ್ಯವಾಗಿ ಹೇಳಬಲ್ಲವು.

ಯೋಚನೆಯನ್ನೇ ಮಾಡದೆ ನೋಡಬೇಕಾದ ಸಂದರ್ಭಗಳೂ ಇವೆ. ‘ಕಿಂಗ್ಸ್ ಕ್ವೆಸ್ಟ್ 5’ (1990) ಆಟದಲ್ಲಿ ಹಸಿವಾಯಿತೆಂದು ಕೈಯಲ್ಲಿರುವ ಕಸ್ಟರ್ಡ್ ಪೈಯನ್ನು ತಿಂದುಬಿಟ್ಟರೆ ಮುಂದೆ ಹಿಮಮಾನವನ ಎದುರು ಉಪಾಯವೇ ಉಳಿಯುವುದಿಲ್ಲ, ಆಟ ಅದನ್ನು ಹೇಳುವುದೂ ಇಲ್ಲ. ‘ಗೇಬ್ರಿಯಲ್ ನೈಟ್ 3’ (1999) ಆಟದಲ್ಲಿ ಮೀಸೆಯೇ ಇಲ್ಲದ ಮನುಷ್ಯನ ವೇಷ ಹಾಕಲು ಬೆಕ್ಕಿನ ಕೂದಲನ್ನು ಟೇಪಿಗೆ ಅಂಟಿಸಿ, ಸಿರಪ್ ಬಳಸಿ ಮೀಸೆ ಮಾಡಿಕೊಂಡು, ಅವನ ಪಾಸ್‌ಪೋರ್ಟಿನ ಚಿತ್ರದ ಮೇಲೂ ಮೀಸೆ ಬರೆಯಬೇಕು. ಇಂಥದ್ದರ ಮುಂದೆ ಸ್ವಾಭಿಮಾನ ತೋರಿಸುವುದು ಕಾಲಹರಣ. ಆಟ ನ್ಯಾಯವಾಗಿ ನಡೆದುಕೊಂಡಲ್ಲಿ ಮಾತ್ರ ನೀವೂ ತಾಳ್ಮೆಯಿಂದ ನಡೆದುಕೊಂಡರೆ ಸಾಕು.

‘ರಿವೆನ್’ ನ್ಯಾಯವಂತ ಆಟ. ನಿಮ್ಮ ಗುಮ್ಮಟದ ಬೀಗದ ಸಂಖ್ಯೆ ಯಾವ ವಾಕ್‌ಥ್ರೂದಲ್ಲೂ ಸಿಗುವುದಿಲ್ಲ, ಏಕೆಂದರೆ ಅದು ಪ್ರತಿ ಸಲದ ಆಟಕ್ಕೂ ಬದಲಾಗುತ್ತದೆ. ಆಟದ ಖಳನಾಯಕ ಗೆನ್‌ನ ಪ್ರಯೋಗಾಲಯದ ದಿನಚರಿಯಲ್ಲಿ ಅರ್ಥವಾಗದ ಗುರುತುಗಳ ಒಂದು ಸಾಲನ್ನು ನೀವು ನೋಡಿರಬಹುದು, ಇಲ್ಲವೇ ಇನ್ನು ಮುಂದೆ ನೋಡುತ್ತೀರಿ. ಕಾಡಿನ ದ್ವೀಪದ ಹಳ್ಳಿಯಲ್ಲಿ ಮಕ್ಕಳ ಶಾಲೆಯೊಂದಿದೆ, ಅಲ್ಲೊಂದು ಭಯಂಕರ ಆಟಿಕೆಯಿದೆ. ನೋಟುಪುಸ್ತಕ ಹಿಡಿದು ಅದರ ಮುಂದೆ ಕುಳಿತು, ಗುರುತು ಬದಲಾದಾಗಲೆಲ್ಲ ಅದರಲ್ಲಿರುವ ಗೊಂಬೆ ಎಷ್ಟು ಹಂತ ಕೆಳಗಿಳಿಯುತ್ತದೆ ಎಂದು ಎಣಿಸಿ. ಅದಾದ ಮೇಲೂ ಬೀಗ ತೆರೆಯದಿದ್ದರೆ ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಇದೇ ಉತ್ತರದ ಕೆಳಗೆ ಬರೆಯಿರಿ. ಇನ್ನೊಂದು ಸುಳಿವು ಕೊಡುತ್ತೇನೆ, ಉತ್ತರ ಕೊಡುವುದಿಲ್ಲ.