ಉಚಿತ ಚಿಕಿತ್ಸೆಗೂ ಖರ್ಚಿದೆ

ಯೌವನದಲ್ಲಿ ಹಣವಿಲ್ಲ, ನಡುವಯಸ್ಸಿನಲ್ಲಿ ಸಮಯವಿಲ್ಲ, ಮುಪ್ಪಿನಲ್ಲಿ ಆರೋಗ್ಯವಿಲ್ಲ ಎನ್ನುವುದು ನಿಜವೇ, ಮೂವತ್ತು ದಾಟಿದವರು ಯಾವುದನ್ನು ಮೊದಲು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ. ತಿಂಗಳ ಸಂಬಳ, ನಿವೃತ್ತಿ ವೇತನ ಇರುವವರಿಗೆ ಆ ಮಾತು ಹೊಂದಬಹುದು. ನಾನು ತಾಲ್ಲೂಕು ಆಸ್ಪತ್ರೆಯೊಂದರ ಡಯಾಲಿಸಿಸ್ ಘಟಕದಲ್ಲಿ, ಅಂದರೆ ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಿಂದ ಶುದ್ಧಿ ಮಾಡುವ ಕಡೆ, ಟೆಕ್ನಿಷಿಯನ್. ಇಲ್ಲಿಗೆ ಬರುವ ಎಷ್ಟೋ ಜನರಿಗೆ ಮೂರೂ ಒಟ್ಟಿಗೇ ಕೈಕೊಟ್ಟಿರುತ್ತವೆ, ಅದೂ ನಲವತ್ತರ ಆಸುಪಾಸಿನಲ್ಲೇ.

ನಮ್ಮಲ್ಲಿ ಡಯಾಲಿಸಿಸ್ ಉಚಿತ. ಆದರೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯಂತೆ ಯಂತ್ರದ ಪಕ್ಕ ಮಲಗಿದರೆ ವರ್ಷಕ್ಕೆ 624 ಗಂಟೆ. ಬಸ್ಸಿಗೆ ಕಾಯುವುದು, ಹೋಗಿ ಬರುವುದು, ಮುಗಿದ ಮೇಲಿನ ಸುಸ್ತು ಎಲ್ಲ ಸೇರಿದರೆ ವಾರದಲ್ಲಿ ಮೂರು ದಿನ ಪೂರ್ತಿ ಹೋದಂತೆಯೇ. ಅಂಥವರನ್ನು ಕೆಲಸಕ್ಕೆ ಕರೆಯುವವರು ಯಾರು? ಜೊತೆಗೆ ಬರುವವರ ದುಡಿಮೆಯೂ ನಿಲ್ಲುತ್ತದೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ಹೆಂಡತಿಗೆ ಟಿಕೆಟ್ ಬೇಕಿಲ್ಲ, ರೋಗಿಯಾದ ಗಂಡನಿಗೆ ಬೇಕು. ಆ ದುಡ್ಡೂ ಇಲ್ಲದೆ ಒಂದು ಸರದಿ ತಪ್ಪಿಸಿದರೆ ಮೈಯಲ್ಲಿ ನೀರು ತುಂಬಿ ಉಸಿರಾಟ ಕಷ್ಟವಾಗಬಹುದು. ಆಮೇಲೆ ರಾತ್ರೋರಾತ್ರಿ ಬಾಡಿಗೆ ಕಾರು ಮಾಡಿಕೊಂಡು ಜಿಲ್ಲಾ ಆಸ್ಪತ್ರೆಗೆ ಓಡಬೇಕು, ಅದಕ್ಕೆ ಸಾಲ.

ಇದರ ಬೇರು ಹಿಂದೆಯೇ ಇರುತ್ತದೆ. ಹೆಚ್ಚಿನವರ ಮೂತ್ರಪಿಂಡ ಕೆಡುವುದು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ. ಎರಡೂ ವರ್ಷಗಟ್ಟಲೆ ನೋಯುವುದಿಲ್ಲ, ನೋಯದ ಕಾಯಿಲೆಗಾಗಿ ಒಂದು ದಿನದ ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ನೋವಿದ್ದರೂ ಅಷ್ಟೆ: ಸೊಂಟ ಹಿಡಿದುಕೊಂಡರೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಕೆಲಸಕ್ಕೆ ಹೊರಡುತ್ತಾರೆ. ವೈದ್ಯರನ್ನು ಕೇಳದೆ ಬಹುಕಾಲ ನುಂಗಿದರೆ ಅದೂ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಇದನ್ನು ಅಜ್ಞಾನ ಎಂದು ಜರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಂಜೆಗೆ ಅಕ್ಕಿ ತರಬೇಕಾದವನ ಲೆಕ್ಕ ಆ ದಿನದ ಮಟ್ಟಿಗೆ ಸರಿಯಾಗಿಯೇ ಇರುತ್ತದೆ.

ಕೈಯಲ್ಲಿ ಹಣವಿಲ್ಲದವರು ಕಾಯಿಲೆಗೆ ತಮ್ಮ ದಿನಗಳನ್ನು ತೆರುತ್ತಾರೆ, ಹಾಗೆ ತೆತ್ತ ದಿನಗಳಲ್ಲಿ ಸಂಪಾದನೆ ಇರುವುದಿಲ್ಲ. ನೀವು ಆ ಸುಳಿಗೆ ಇನ್ನೂ ಸಿಕ್ಕಿಲ್ಲ ಎಂದುಕೊಂಡು ಹೇಳುತ್ತೇನೆ. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ನೋಡಿಸಿ. 30 ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ಎರಡರಲ್ಲಿ ಒಂದು ಇದ್ದರೂ ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಎಷ್ಟಿದೆ ಎಂದೂ ಪರೀಕ್ಷೆ ಮಾಡಿಸಿ.

ಆರೋಗ್ಯ ವಿಮೆಯನ್ನು ಗಟ್ಟಿಮುಟ್ಟಾಗಿರುವಾಗಲೇ ಕೊಳ್ಳಿ. ಮೊದಲೇ ಇದ್ದ ಕಾಯಿಲೆಗೆ ಪರಿಹಾರ ಕೊಡಲು ಕಂಪನಿಗಳು ಮೂರು ವರ್ಷದವರೆಗೂ ಕಾಯಿಸಬಹುದು. 2024ಕ್ಕೆ ಮೊದಲು ಈ ಮಿತಿ ನಾಲ್ಕು ವರ್ಷವಿತ್ತು. ಅರ್ಜಿ ತುಂಬುವಾಗ ದಿನಾ ನುಂಗುವ ಬಿಪಿ ಮಾತ್ರೆಯನ್ನೂ ಬರೆಯಿರಿ. ಏಜೆಂಟ್ ಬೇಡವೆಂದರೂ ಬರೆಯಿರಿ, ಬರೆಯದಿದ್ದರೆ ಮುಂದೆ ಕ್ಲೇಮ್ ತಿರಸ್ಕರಿಸಲು ಅದೊಂದೇ ನೆಪ ಸಾಕಾಗುತ್ತದೆ.